ಅವ್ವನಿಗೆ ಕೇದಾರ ಹತ್ತಲು ಆಗಲ್ಲ, ಊಖಿಮಠದಲ್ಲಿ ಒಂದು ವಾರ ಇರಬಹುದಾ?

ಎರೆಹೊಲ_ಸೇಡಂ

ಎಲ್ಲರಿಗೂ ನಮಸ್ಕಾರ. ನಾವು ಕಲಬುರಗಿ ಜಿಲ್ಲೆ ಸೇಡಂ ಕಡೆಯವರು. ನಮ್ಮವ್ವನಿಗೆ ಈಗ 67 ವರ್ಷ. ಮೊಣಕಾಲು ನೋವು ಜಾಸ್ತಿ, ಮಾಳಿಗೆ ಮೆಟ್ಟಿಲು ಹತ್ತಬೇಕಂದ್ರೂ ಗೋಡೆ ಹಿಡಿದುಕೊಂಡೇ ಹತ್ತುತ್ತಾಳೆ. ಬಾಳೆಹೊನ್ನೂರು, ಉಜ್ಜಯಿನಿ, ಶ್ರೀಶೈಲ, ಕಾಶಿ ಎಲ್ಲ ಮುಗಿಸಿದ್ದಾಳೆ. ವೀರಶೈವರ ಪಂಚಪೀಠದಲ್ಲಿ ಉಳಿದದ್ದು ಕೇದಾರ ಒಂದೇ. ಅದು ಅವಳ ಮನಸ್ಸಿನಲ್ಲಿ ಮುಳ್ಳಿನ ಹಾಗೆ ಕೂತಿದೆ.

ಹೋದ ವರ್ಷ ಒಂದು ಟ್ರಾವೆಲ್ಸ್‌ನವರು ಹೆಲಿಕಾಪ್ಟರ್ ಟಿಕೆಟ್ ಮಾಡಿಸಿ ಕೊಡ್ತೀವಿ ಅಂತ ಮುಂಗಡ ತಗೊಂಡರು. ಹೊರಡುವ ವಾರ ಟಿಕೆಟ್ ಸಿಗಲಿಲ್ಲ ಅಂದುಬಿಟ್ಟರು. ಅವ್ವ ಒಂದು ಮಾತೂ ಆಡಲಿಲ್ಲ, ಕಟ್ಟಿಟ್ಟಿದ್ದ ಚೀಲ ಬಿಚ್ಚಿ ಸೀರೆಗಳನ್ನು ಟ್ರಂಕಿನಲ್ಲಿ ಇಟ್ಟಳು. ಅದನ್ನು ನೋಡಿದ ಮೇಲೆ ನನಗೆ ಸುಮ್ನೆ ಇರೋಕೆ ಆಗ್ತಿಲ್ಲ.

ಈಗ ಒಬ್ಬರು, ಕೇದಾರನಾಥ ಚಳಿಗಾಲದಲ್ಲಿ ಊಖಿಮಠ ಅನ್ನುವ ಸಣ್ಣ ಊರಿಗೆ ಇಳಿದು ಬರುತ್ತಾನೆ, ಅಲ್ಲಿಗೆ ಕರೆದುಕೊಂಡು ಹೋಗು ಅಂದರು. ಯಾತ್ರೆಯ ವಿಡಿಯೋ ಬೇಕಾದಷ್ಟಿವೆ, ಆ ಊರಿನ ಬಗ್ಗೆ ಮಾತ್ರ ಯಾರೂ ಬರೆದಿಲ್ಲ. ಊರು ಹೇಗಿದೆ? ಚಳಿಗಾಲದಲ್ಲಿ ಜನ ಇರುತ್ತಾರಾ? ಅವ್ವ ಉಸಿರಾಡಲು ಕಷ್ಟ ಪಡದೆ ಒಂದು ವಾರ ಇರಬಹುದಾ? ಊಟದ್ದೂ ಚಿಂತೆ, ಆಕೆಗೆ ಜೋಳದ ರೊಟ್ಟಿ ಇಲ್ಲದಿದ್ದರೆ ಹೊಟ್ಟೆ ತುಂಬಲ್ಲ. ಅಲ್ಲಿ ಇದ್ದು ಬಂದವರು ದಯವಿಟ್ಟು ಹೇಳಿ.

ಬೀದರ್_ಸರ್ವೆ

ಅಣ್ಣಾ, ನಾನು ಬೀದರ್‌ನವನು. ಕೇದಾರದ ಕಡೆಯಿಂದ ಇಳಿದು ಬರುವ ಮಂದಾಕಿನಿ ಹೊಳೆಯ ಕಣಿವೆಯಲ್ಲಿ ರಸ್ತೆ ಅಗಲ ಮಾಡುವ ಕೆಲಸಕ್ಕೆ ಸರ್ವೆ ಹುಡುಗನಾಗಿ ಹೋಗಿದ್ದೆ. ಒಂದೂವರೆ ವರ್ಷ ಊಖಿಮಠದಲ್ಲೇ ಬಾಡಿಗೆ ಮನೆ ಮಾಡಿಕೊಂಡಿದ್ದೆ. ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

ಮೊದಲು ಒಂದು ವಿಷಯ ಅವ್ವನವರಿಗೆ ಹೇಳಿಬಿಡಿ. ಅವರು ನೋಡಬೇಕಾದ ಐದನೇ ಪೀಠ ಮೇಲಿನ ಕೇದಾರದ ಹಿಮದಲ್ಲಿಲ್ಲ, ಇರುವುದೇ ಊಖಿಮಠದಲ್ಲಿ. ಕೇದಾರ ಪೀಠದ ಗದ್ದುಗೆ ಅಲ್ಲಿಯದು. ಕೇದಾರನಾಥದ ಮುಖ್ಯಸ್ಥರನ್ನು ರಾವಲ್ ಅಂತಾರೆ. ಅವರು ನಮ್ಮ ಕರ್ನಾಟಕದ ವೀರಶೈವರೇ. ಅವರು ಸ್ವತಃ ಪೂಜೆ ಮಾಡಲ್ಲ, ಅವರು ಹೇಳಿದ ಅರ್ಚಕರು ಮಾಡುತ್ತಾರೆ. ಆ ಅರ್ಚಕರೂ ನಮ್ಮ ಕಡೆಯವರು, ವರ್ಷಕ್ಕೊಬ್ಬರಂತೆ ಸರದಿ ಮೇಲೆ ಕೇದಾರಕ್ಕೆ ಹೋಗುತ್ತಾರೆ. ನಾನು ಊರು ಮುಟ್ಟಿದ ಎರಡನೇ ದಿನ ಓಂಕಾರೇಶ್ವರ ಗುಡಿ ಅಂಗಳದಲ್ಲಿ ನಿಂತಿದ್ದಾಗ ಹಿಂದಿನಿಂದ ಯಾರೋ "ಊಟ ಆತೇನ್ರಿ?" ಅಂತ ಕೇಳಿದರು. ನನ್ನನ್ನಲ್ಲ, ಇನ್ನೊಬ್ಬರನ್ನು. ಮನೆ ಬಿಟ್ಟು ಸಾವಿರಾರು ಕಿಲೋಮೀಟರ್ ದೂರ ಬಂದವನಿಗೆ ಆ ಒಂದು ಮಾತಿಗೆ ಕಣ್ಣು ತುಂಬಿ ಬಂತು.

ಇನ್ನು ಊರು. ಅದು ಉತ್ತರಾಖಂಡದ ರುದ್ರಪ್ರಯಾಗ ಜಿಲ್ಲೆಯಲ್ಲಿದೆ, ಎತ್ತರ ಸುಮಾರು 1,300 ಮೀಟರ್. ನಮ್ಮ ಕಲಬುರಗಿ 450ರ ಆಸುಪಾಸು, ಬೆಂಗಳೂರು 900ರ ಮೇಲೆ. ಅಂದರೆ ಬೆಂಗಳೂರಿಗಿಂತ ಒಂದು 400 ಮೀಟರ್ ಮೇಲೆ, ಅಷ್ಟೇ. ಉಸಿರಿನ ತೊಂದರೆ ಆಗುವ ಎತ್ತರ ಅಲ್ಲ. ಕೇದಾರನಾಥ 3,583 ಮೀಟರ್, ಅದರ ಲೆಕ್ಕವೇ ಬೇರೆ.

ಊರನ್ನು ಹೇಗೆ ಹೇಳಲಿ? ನಮ್ಮ ಕಡೆ ಊರು ಅಂದರೆ ಹಾಸಿದ ಹಾಗೆ ಇರುತ್ತೆ, ಅಗಸಿಯಿಂದ ಗುಡಿವರೆಗೂ ಒಂದೇ ಸಮ. ಅಲ್ಲಿ ಊರು ನೇತುಹಾಕಿದ ಹಾಗೆ ಇದೆ. ಮೇಲೆ ಒಂದು ಸಾಲು ಮನೆ, ಅದರ ಕಾಲ ಕೆಳಗೆ ಇನ್ನೊಂದು ಸಾಲು, ನಡುವೆ ಮೆಟ್ಟಿಲು. ನಮ್ಮ ಮನೆ ಅಂಗಳದಲ್ಲಿ ನಿಂತರೆ ಪಕ್ಕದ ಮನೆಯ ಚಾವಣಿ ನನ್ನ ಪಾದಕ್ಕೆ ಸಮ ಇತ್ತು, ಅದರ ಮೇಲೆ ಒಣಗಲು ಹಾಕಿದ ಮೆಣಸಿನಕಾಯಿ ಬಗ್ಗಿ ಎತ್ತಿಕೊಳ್ಳಬಹುದಿತ್ತು. ಇಡೀ ಊರು ಪಶ್ಚಿಮಕ್ಕೆ ಮುಖ ಮಾಡಿದೆ. ಕೆಳಗೆ ಆಳದಲ್ಲಿ ಮಂದಾಕಿನಿ, ಆಚೆ ದಡದ ಗುಡ್ಡದ ಮೇಲೆ ಗುಪ್ತಕಾಶಿ. ಕೂಗಿದರೆ ಕೇಳಿಸೀತು ಅನ್ನುವಷ್ಟು ಹತ್ತಿರ ಕಾಣುತ್ತೆ. ಆದರೆ ರಸ್ತೆ ಕುಂಡ್ ಅನ್ನುವ ಜಾಗದಲ್ಲಿ ಹೊಳೆವರೆಗೆ ಇಳಿದು, ಸೇತುವೆ ದಾಟಿ, ಮತ್ತೆ ಹತ್ತಬೇಕು, 13 ಕಿಲೋಮೀಟರ್.

ಈ ಮುಖದ ವಿಷಯ ಯಾಕೆ ಹೇಳಿದೆ ಅಂದ್ರೆ, ಚಳಿಗಾಲದಲ್ಲಿ ಬಿಸಿಲೇ ಅಲ್ಲಿ ದೊಡ್ಡದು. ಬೆಳಗ್ಗೆ ಎದುರಿನ ಗುಪ್ತಕಾಶಿ ಬಿಸಿಲಲ್ಲಿ ಹೊಳೆಯುತ್ತಿರುತ್ತೆ, ನಾವಿನ್ನೂ ನೆರಳಲ್ಲಿ ಕೈ ಉಜ್ಜುತ್ತಾ ಕೂತಿರ್ತೀವಿ. ಮಧ್ಯಾಹ್ನದ ಮೇಲೆ ಬಿಸಿಲು ನಮ್ಮದು. ಮಾಲೀಕರ ಮನೆಯ ಮುದುಕಿ ಮನೆಯಲ್ಲಿ ಗಡಿಯಾರ ಇದ್ದರೂ ಅದನ್ನು ನೋಡುತ್ತಿರಲಿಲ್ಲ, ಎದುರು ಗುಡ್ಡದಲ್ಲಿ ನೆರಳು ಎಲ್ಲಿಗೆ ಇಳಿದಿದೆ ಅಂತ ನೋಡಿ ದನಕ್ಕೆ ಹುಲ್ಲು ಹಾಕಲು ಏಳುತ್ತಿದ್ದಳು.

ಅವ್ವನವರಿಗೆ ಊಖಿಮಠ ಸರಿಯಾದ ಜಾಗ. ದೀಪಾವಳಿ ಆದ ಮೇಲೆ ಕರೆದುಕೊಂಡು ಹೋಗಿ.

ಸುರಪುರ_ಬೆಟ್ಟ

ಬೀದರ್ ಅಣ್ಣ ಹೇಳಿದ್ದು ಸರಿ ಇದೆ, ಆದರೂ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಅಷ್ಟು ದೂರ ಹೋಗಿ ಕೇದಾರವನ್ನೇ ನೋಡದೆ ಬರೋದಾ? ನಡಿಗೆ ದಾರಿ ಶುರುವಾಗುವ ಗೌರಿಕುಂಡದಿಂದ ಕುದುರೆ, ಕಂಡಿ (ಬೆನ್ನ ಮೇಲೆ ಹೊರುವ ಬುಟ್ಟಿ), ಪಾಲಕಿ ಎಲ್ಲ ಸಿಗುತ್ತೆ. ಇನ್ನು ಸೋನಪ್ರಯಾಗದಿಂದ ಕೇದಾರಕ್ಕೆ 12.9 ಕಿಲೋಮೀಟರ್ ರೋಪ್‌ವೇಗೆ 2025ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿದೆ. ಅದಾದರೆ ಎಂಟೊಂಬತ್ತು ಗಂಟೆಯ ದಾರಿ 36 ನಿಮಿಷ ಆಗುತ್ತಂತೆ. ಸ್ವಲ್ಪ ಕಾಯಬಹುದಲ್ವಾ?

ಊಖಿಮಠಕ್ಕೇ ಹೋಗೋದಾದರೆ ದೇವರಿಯಾ ತಾಲ್ ನೋಡದೆ ಬರಬೇಡಿ. ಸಾರಿ ಅನ್ನುವ ಹಳ್ಳಿವರೆಗೆ ಜೀಪು, ಅಲ್ಲಿಂದ ಮೂರು ಕಿಲೋಮೀಟರ್‌ಗಿಂತ ಕಡಿಮೆ ಏರು. 2,438 ಮೀಟರ್ ಎತ್ತರದಲ್ಲಿ ಒಂದು ಸಣ್ಣ ಕೆರೆ. ಬೆಳಗ್ಗೆ ಗಾಳಿ ಏಳುವ ಮುಂಚೆ ಹೋದರೆ 7,138 ಮೀಟರ್‌ನ ಚೌಖಂಬಾ ಶಿಖರ ತಲೆಕೆಳಗಾಗಿ ನೀರಲ್ಲಿ ಕೂತಿರುತ್ತೆ. ಅವ್ವ ಬರೋಕೆ ಆಗಲ್ಲ, ನೀವೊಬ್ಬರು ಬೆಳಗಿನ ಜಾವ ಹೋಗಿ ಬನ್ನಿ.

ಬೀದರ್_ಸರ್ವೆ

ತಮ್ಮಾ, ರೋಪ್‌ವೇ ಆಗಲಿ, ಸಂತೋಷ. ಆದರೆ 67ರ ಮೊಣಕಾಲು ಕಾಯಲ್ಲ. ಕುದುರೆ ಮೇಲೆ 16 ಕಿಲೋಮೀಟರ್ ಕೂರುವುದೂ ಮೊಣಕಾಲು ನೋವಿನವರಿಗೆ ಸುಲಭ ಅಲ್ಲ, ಕಲ್ಲಿನ ಇಳಿಜಾರಿನಲ್ಲಿ ಕುದುರೆ ಮುಗ್ಗರಿಸಿದಾಗಲೆಲ್ಲ ತೊಡೆ ಬಿಗಿ ಹಿಡಿಯಬೇಕು. ಮೇಲೆ ಗಾಳಿಯಲ್ಲಿ ನಮ್ಮ ಕಡೆಗಿಂತ ಮೂರರಲ್ಲೊಂದು ಪಾಲು ಆಮ್ಲಜನಕ ಕಡಿಮೆ. ಒಂದೇ ದಿನದಲ್ಲಿ ಅಷ್ಟು ಎತ್ತರಕ್ಕೆ ಹೋಗಿ ಸುಸ್ತಾಗಿ, ಗರ್ಭಗುಡಿ ಮುಂದೆ ಒಂದೆರಡು ಸೆಕೆಂಡ್ ನಿಂತು, ತಳ್ಳಿಸಿಕೊಂಡು ಹೊರಗೆ ಬಂದ ಎಷ್ಟೋ ಹಿರಿಯರನ್ನು ನಾನು ಕುಂಡ್ ಹತ್ತಿರ ಚಹಾ ಅಂಗಡಿಯಲ್ಲಿ ನೋಡಿದ್ದೇನೆ. ಏನು ನೋಡಿದೆ ಅಂತ ಅವರಿಗೇ ನೆನಪಿರಲ್ಲ.

ಊಖಿಮಠದಲ್ಲಿ ಹಾಗಲ್ಲ. ಭಾವನ ಬಿದಿಗೆ ದಿನ ಕೇದಾರದ ಬಾಗಿಲು ಹಾಕುತ್ತಾರೆ. ಪಂಚಮುಖಿ ಮೂರ್ತಿಯನ್ನು ಡೋಲಿಯಲ್ಲಿ ಇಟ್ಟು ಹೊರಡುತ್ತಾರೆ, ರಾಮಪುರದಲ್ಲಿ ಒಂದು ರಾತ್ರಿ, ಗುಪ್ತಕಾಶಿಯಲ್ಲಿ ಒಂದು ರಾತ್ರಿ, ಮೂರನೇ ದಿನ ಊಖಿಮಠ. ಸೇನೆಯ ಬ್ಯಾಂಡು ಜೊತೆಗೆ ಬರುತ್ತೆ. ನಾನು ಒಂದು ವರ್ಷ ನೋಡಿದೆ. ಡೋಲಿ ಹೊತ್ತವರ ಪಾದದಲ್ಲಿ ಚಪ್ಪಲಿ ಇಲ್ಲ. ಹೆಂಗಸರು ಹೂವು, ಅಕ್ಕಿ ಹಿಡಿದು ಮೆಟ್ಟಿಲ ಮೇಲೆ ಸಾಲಾಗಿ ನಿಂತಿದ್ದರು. ಮದುವೆಯಾಗಿ ಹೋದ ಮಗಳು ಹಬ್ಬಕ್ಕೆ ತವರಿಗೆ ಬಂದಾಗ ಓಣಿಯವರು ಬಾಗಿಲಲ್ಲಿ ನಿಲ್ಲುತ್ತಾರಲ್ಲ, ಹಾಗೆ. ಅವತ್ತಿನಿಂದ ಆರು ತಿಂಗಳು ಕೇದಾರನ ಪೂಜೆ ಓಂಕಾರೇಶ್ವರ ಗುಡಿಯಲ್ಲೇ. ಮತ್ತೆ ಯಾವ ದಿನ ಬಾಗಿಲು ತೆರೆಯಬೇಕು ಅಂತ ಗೊತ್ತು ಮಾಡುವುದೂ ಅಲ್ಲೇ, ಮಹಾಶಿವರಾತ್ರಿ ದಿನ. ಇದು ಕೇದಾರ ಅಲ್ಲದಿದ್ದರೆ ಇನ್ಯಾವುದು?

2013ರ ಜೂನ್‌ನಲ್ಲಿ ಮೇಲೆ ಚೋರಾಬಾಡಿ ಕೆರೆ ಒಡೆದು ಕೇದಾರದ ಊರು ಕೊಚ್ಚಿಹೋದಾಗ ಗುಡಿ ಉಳಿಯಿತು, ಪೂಜೆ ಮಾಡಲು ಅಲ್ಲಿ ಆಗಲಿಲ್ಲ. ಆಗಲೂ ಪೂಜೆ ಊಖಿಮಠದಲ್ಲೇ ನಡೆಯಿತು, ಸೆಪ್ಟೆಂಬರ್ 11ಕ್ಕೆ ಮೇಲೆ ಮತ್ತೆ ಶುರುವಾಯಿತು.

ಶಹಾಬಾದ್_ಫರಸಿ

ನಾನು ನಮ್ಮವ್ವ, ಅಪ್ಪನ ಜೊತೆ ನವೆಂಬರ್‌ನಲ್ಲಿ ಒಂಬತ್ತು ದಿನ ಇದ್ದು ಬಂದೆ. ಊಟದ ಪ್ರಶ್ನೆಗೆ ನಾನು ಹೇಳ್ತೀನಿ.

ನಾವು ಉಳಿದದ್ದು ಒಂದು ಮನೆಯಲ್ಲಿ, ಮೇಲಿನ ಎರಡು ಕೋಣೆ ಬಾಡಿಗೆಗೆ ಕೊಡುತ್ತಾರೆ. ಮನೆಯಾಕೆಯ ಗಂಡ ತೀರಿಹೋಗಿದ್ದಾನೆ, ಮಗ ಡೆಹ್ರಾಡೂನ್‌ನಲ್ಲಿ ಕೆಲಸ. ಆ ಕಡೆ ಹೆಚ್ಚಿನ ಮನೆಗಳ ಕಥೆ ಇದೇ: ಗಂಡುಮಕ್ಕಳು ಸೈನ್ಯದಲ್ಲಿ, ಇಲ್ಲವೇ ದಿಲ್ಲಿ, ಡೆಹ್ರಾಡೂನ್. ಹೊಲ, ದನ, ಹುಲ್ಲು, ಕಟ್ಟಿಗೆ ಎಲ್ಲ ಹೆಂಗಸರ ತಲೆ ಮೇಲೆ. ನಮ್ಮ ಕಡೆಯಿಂದ ಮುಂಬೈ, ಪುಣೆಗೆ ದುಡಿಯಲು ಹೋದವರ ಮನೆ ನೋಡಿದವರಿಗೆ ಇದು ಹೊಸದಲ್ಲ. ಆದರೆ ಬೆನ್ನ ಮೇಲೆ ಹುಲ್ಲಿನ ಹೊರೆ ಹೊತ್ತು ಅಂಥ ಏರು ಹತ್ತುವುದನ್ನು ನೋಡಿ ನಮ್ಮವ್ವ ಎರಡು ದಿನ ಅದನ್ನೇ ಹೇಳುತ್ತಿದ್ದಳು.

ಆಕೆ ರಾತ್ರಿ ಮಂಡುವಾ ರೊಟ್ಟಿ ಮಾಡುತ್ತಿದ್ದಳು. ಮಂಡುವಾ ಅಂದರೆ ನಮ್ಮ ರಾಗಿ. ನಮ್ಮವ್ವ ಒಲೆ ಹತ್ತಿರ ಹೋಗಿ ಕೂತಳು. ನಮ್ಮಲ್ಲಿ ಜೋಳದ ಹಿಟ್ಟಿಗೆ ಬಿಸಿನೀರು ಹಾಕಿ ನಾದಿ, ಒಣಹಿಟ್ಟು ಉದುರಿಸಿ ಬಡಿಯುತ್ತೇವೆ ಅಲ್ವಾ, ಆಕೆ ಅಂಗೈ ಒದ್ದೆ ಮಾಡಿಕೊಂಡು ಎರಡು ಕೈ ನಡುವೆಯೇ ತಟ್ಟಿ ತಟ್ಟಿ ತಿರುಗಿಸುತ್ತಾಳೆ, ನೆಲಕ್ಕೆ ಮುಟ್ಟಿಸುವುದೇ ಇಲ್ಲ. ಹಂಚಿನ ಮೇಲೆ ಎರಡೂ ಮಗ್ಗಲು ಬೇಯಿಸಿ, ಆಮೇಲೆ ಕೆಂಡಕ್ಕೆ ಒರಗಿಸಿ ನಿಲ್ಲಿಸುತ್ತಾಳೆ. ನಮ್ಮವ್ವ ಚೀಲದಿಂದ ಜೋಳದ ಹಿಟ್ಟು ತೆಗೆದು ಒಂದು ಪರಾತದಲ್ಲಿ ಬಡಿಯಲು ಶುರು ಮಾಡಿದಳು. ಇಬ್ಬರೂ ಒಬ್ಬರ ಕೈ ಒಬ್ಬರು ನೋಡುತ್ತಾ, ಮಾತೇ ಇಲ್ಲದೆ ಅರ್ಧ ಗಂಟೆ. ಕೊನೆಗೆ ಆಕೆ ಜೋಳದ ರೊಟ್ಟಿ ಮುರಿದು ತಿಂದು, "ದೀದಿ, ಮೀಠಾ ಹೈ" ಅಂದಳು. ನಮ್ಮವ್ವನಿಗೆ ಅಷ್ಟು ಹಿಂದಿ ಬರುತ್ತೆ. ಕಲಬುರಗಿ ಕಡೆಯವರಿಗೆ ಭಾಷೆಯ ತೊಂದರೆ ಇಲ್ಲ, ನಮ್ಮ ಸಂತೆಯ ಹಿಂದಿ ಸಾಕು. ಅವರ ಮನೆ ಮಾತು ಗಢವಾಲಿ.

ಗಹತ್ ದಾಲ್ ಅಂತ ಕೊಡುತ್ತಾರೆ, ಅದು ಹುರುಳಿ. ಚಳಿಗೆ ಮೈ ಬೆಚ್ಚಗಿಡುತ್ತೆ. ಝಂಗೋರಾ ಅಂದರೆ ಊದಲು, ಅದರ ಪಾಯಸ ಚೆನ್ನಾಗಿರುತ್ತೆ. ತೊಗರಿ ಬೇಳೆ ನೀವೇ ಒಯ್ಯಿರಿ, ಆದರೆ ಕುಕ್ಕರ್ ಇಲ್ಲದೆ ಬೇಯಿಸಲು ಹೋಗಬೇಡಿ. ಆ ಎತ್ತರದಲ್ಲಿ ನೀರು 96 ಡಿಗ್ರಿಗೇ ಕುದಿಯುತ್ತೆ, ಬೇಳೆ ನೆನೆಹಾಕಿದರೂ ಹೊತ್ತು ಹಿಡಿಯುತ್ತೆ. ಕಟಕ ರೊಟ್ಟಿ, ಶೇಂಗಾ ಹಿಂಡಿ ಒಂದು ಡಬ್ಬಿ ಇದ್ದರೆ ದಾರಿಗೂ ಆಯಿತು.

ಇನ್ನೊಂದು. ನಮ್ಮದು ಫರಸಿ ಕಲ್ಲಿನ ಊರು, ಅದಕ್ಕೆ ಕಣ್ಣು ಅಲ್ಲಿಗೇ ಹೋಯಿತು. ಅಲ್ಲಿನ ಹಳೇ ಮನೆಗಳ ಚಾವಣಿ ಪೂರಾ ಕಲ್ಲು. ತೆಳ್ಳಗೆ ಪದರ ಪದರವಾಗಿ ಏಳುವ ಬೂದು ಬಣ್ಣದ ಸ್ಲೇಟು, ಅದನ್ನು ಪಠಾಲ್ ಅಂತಾರೆ. ಮೀನಿನ ಹುರುಪೆ ಥರ ಒಂದರ ಮೇಲೊಂದು ಜೋಡಿಸಿ, ಇಳಿಜಾರು ಮಾಡಿ ಹೊದಿಸಿರುತ್ತಾರೆ. ನಮ್ಮ ಶಹಾಬಾದ್ ಕಲ್ಲು ಸುಣ್ಣದ ಕಲ್ಲು, ಅದು ಬೇರೆ, ಆದರೂ ಅಪ್ಪ ಒಂದು ಚೂರು ಎತ್ತಿ ಬೆರಳ ಗೆಣ್ಣಿನಿಂದ ಬಡಿದು ನೋಡಿದರು. ನಲವತ್ತು ವರ್ಷ ಖಣಿಯಲ್ಲಿ ಕೆಲಸ ಮಾಡಿದ ಕೈ. "ಗಟ್ಟಿ ಇದೆ" ಅಂದರು. ಈಗೀಗ ಎಲ್ಲ ಸಿಮೆಂಟ್ ಸ್ಲ್ಯಾಬ್ ಆಗುತ್ತಿದೆ. ಆ ಕಲ್ಲಿನ ಮನೆಗಳು ಹೋಗಬಾರದು ಅಂತ ನನಗೆ ತುಂಬಾ ಅನ್ನಿಸುತ್ತೆ.

ಭಾಲ್ಕಿ_ಅಕ್ಕ

ತಮ್ಮಾ, ನಾನು ನರ್ಸ್, ಅದಕ್ಕೆ ಬೇರೆ ವಿಷಯ ಹೇಳುತ್ತೇನೆ. ಎರಡು ಸಲ ಹೋಗಿದ್ದೇನೆ.

ಎತ್ತರಕ್ಕಿಂತ ರಸ್ತೆಯೇ ಹಿರಿಯರಿಗೆ ಜಾಸ್ತಿ ಕಷ್ಟ. ಋಷಿಕೇಶದಿಂದ ರುದ್ರಪ್ರಯಾಗ ಸುಮಾರು 140 ಕಿಲೋಮೀಟರ್, ಅಲ್ಲಿಂದ ಊಖಿಮಠ ಇನ್ನೊಂದು 40. ಲೆಕ್ಕಕ್ಕೆ ಕಲಬುರಗಿಯಿಂದ ಬೀದರ್‌ಗೆ ಹೋಗಿ ಅರ್ಧ ದಾರಿ ವಾಪಸ್ ಬಂದ ಹಾಗೆ, ಆದರೆ ದಿನವೆಲ್ಲಾ ಹಿಡಿಯುತ್ತೆ. ತಿರುವು, ತಿರುವು, ತಿರುವು. ಒಂದೇ ದಿನಕ್ಕೆ ಎಳೆಯಬೇಡಿ. ಶ್ರೀನಗರದಲ್ಲೋ ರುದ್ರಪ್ರಯಾಗದಲ್ಲೋ ಒಂದು ರಾತ್ರಿ ಮಲಗಿ (ಇದು ಗಢವಾಲದ ಶ್ರೀನಗರ, ಕಾಶ್ಮೀರದ್ದಲ್ಲ). ರುದ್ರಪ್ರಯಾಗದಲ್ಲಿ ಮಂದಾಕಿನಿ ಬಂದು ಅಲಕನಂದಾ ಸೇರುತ್ತೆ, ಅವ್ವನಿಗೆ ಸಂಗಮ ತೋರಿಸಿ. ಮುಂದಿನ ಸೀಟು ಅವರಿಗೇ ಕೊಡಿ, ಹೊಟ್ಟೆ ಖಾಲಿಯೂ ಬೇಡ ತುಂಬಿಯೂ ಬೇಡ. ಊಖಿಮಠದಲ್ಲಿ ಸಣ್ಣ ಪುಟ್ಟ ಚಿಕಿತ್ಸೆ ಆಗುತ್ತೆ. ದೊಡ್ಡದಕ್ಕೆ ಕೆಳಗೆ ರುದ್ರಪ್ರಯಾಗ, ಇಲ್ಲವೇ ಮೆಡಿಕಲ್ ಕಾಲೇಜು ಇರುವ ಶ್ರೀನಗರಕ್ಕೇ ಇಳಿಯಬೇಕು. ಬಿಪಿ, ಸಕ್ಕರೆ ಮಾತ್ರೆ ಹದಿನೈದು ದಿನದ್ದು ಜಾಸ್ತಿಯೇ ಇಟ್ಟುಕೊಳ್ಳಿ, ರಸ್ತೆ ಮುಚ್ಚಿದರೆ ಯಾರ ಕೈಯಲ್ಲೂ ಇರಲ್ಲ.

ಮಳೆಗಾಲದಲ್ಲಿ ಮಾತ್ರ ದಯವಿಟ್ಟು ಬೇಡ. ನಾನು ಮೊದಲ ಸಲ ಹೋದಾಗ ನಮ್ಮ ಡ್ರೈವರ್ ಒಂದು ಕಡೆ ಗಾಡಿ ನಿಲ್ಲಿಸಿ, ಗುಡ್ಡದ ಮೇಲಿಂದ ಕೆಳಗೆ ಬಳಿದ ಹಾಗೆ ಇದ್ದ ಕಲ್ಲು ಮಣ್ಣಿನ ಪಟ್ಟಿ ತೋರಿಸಿದ. ಅದು ಗದೇರಾ, ಅಂದರೆ ಗುಡ್ಡದ ಹಳ್ಳ, ಬೇಸಿಗೆಯಲ್ಲಿ ಒಂದು ತೊಟ್ಟು ನೀರು ಇರಲ್ಲ. 2012ರ ಸೆಪ್ಟೆಂಬರ್ 13ರ ರಾತ್ರಿ ಮೇಲೆ ಮಳೆ ಒಮ್ಮೆಲೇ ಸುರಿದು, ಇಂಥ ಹಳ್ಳಗಳಲ್ಲಿ ನೀರು ಬಂಡೆಗಳನ್ನೇ ಉರುಳಿಸಿಕೊಂಡು ಬಂದು ಊಖಿಮಠದ ಪಕ್ಕದ ಚುನ್ನಿ, ಮಂಗೋಲಿ ಹಳ್ಳಿಗಳ ಮೇಲೆ ಬಿತ್ತು. ಜನ ಮಲಗಿದ್ದರು. ಹತ್ತಾರು ಜನ ಏಳಲೇ ಇಲ್ಲ. ಅದಕ್ಕೂ ಮುಂಚೆ 1998ರ ಆಗಸ್ಟ್‌ನಲ್ಲಿ ಪಕ್ಕದ ಮದ್ಮಹೇಶ್ವರ ಕಣಿವೆಯಲ್ಲಿ ಗುಡ್ಡವೇ ಜಾರಿ ಹೊಳೆಗೆ ಅಡ್ಡ ಬಿದ್ದು ಕೆರೆ ಕಟ್ಟಿತ್ತು. ಡ್ರೈವರ್ ಇದನ್ನು ಹೇಳುವಾಗ ಅವನ ದನಿ ಏರಲಿಲ್ಲ, ಸ್ಟೇರಿಂಗ್ ಮೇಲೆ ಕೈ ಮಾತ್ರ ಬಿಗಿ ಹಿಡಿದಿದ್ದ.

ಬೀದರ್_ಸರ್ವೆ

ಅಕ್ಕಾ ಹೇಳಿದ ಗದೇರಾ ವಿಷಯ ನೂರಕ್ಕೆ ನೂರು ನಿಜ. ನಾನು ಕೆಲಸ ಮಾಡಿದ್ದೇ ಅದರಲ್ಲಿ. ನಮ್ಮ ದಖನ್ನಿನ ಕಲ್ಲು ಹಳೆಯದು, ಕೂತ ಜಾಗದಲ್ಲಿ ಕೂತಿದೆ. ಹಿಮಾಲಯ ಇನ್ನೂ ಏಳುತ್ತಿರುವ ಬೆಟ್ಟ. ಆ ಕಣಿವೆಯ ಹತ್ತಿರವೇ ಭೂಮಿಯ ದೊಡ್ಡ ಬಿರುಕೊಂದು ಹಾದುಹೋಗಿದೆ, ಮೇನ್ ಸೆಂಟ್ರಲ್ ಥ್ರಸ್ಟ್ ಅಂತಾರೆ. ಅದರ ಸುತ್ತ ಕಲ್ಲೆಲ್ಲ ಜಜ್ಜಿ ಹೋಗಿರುತ್ತೆ. ಅಂಥ ಗುಡ್ಡದ ಬುಡವನ್ನು ರಸ್ತೆಗೆ ಅಂತ ನೆಟ್ಟಗೆ ಕಡಿದರೆ ಮೇಲಿನದು ಕೆಳಗೆ ಬರದೇ ಇನ್ನೇನು ಮಾಡುತ್ತೆ? ನಾನು ಆ ಕೆಲಸದಲ್ಲಿ ಇದ್ದವನು, ಸಂಬಳ ತಗೊಂಡವನು. ಆದರೂ ಹೇಳುತ್ತೇನೆ, ಕೆಲವು ಕಡೆ ಅಷ್ಟು ಅಗಲ ಬೇಕಿರಲಿಲ್ಲ. ನಮ್ಮ ಮನೆ ಮಾಲೀಕರ ಅಜ್ಜನ ಕಾಲದ ಮನೆ ಹಳ್ಳದಿಂದ ದೂರ, ಗಟ್ಟಿ ಏಣಿನ ಮೇಲಿತ್ತು. ಗದೇರಾ ಪಕ್ಕದಲ್ಲಿ ಗೋದಿ ಬೆಳೆಯುತ್ತಿದ್ದರು, ಮನೆ ಕಟ್ಟುತ್ತಿರಲಿಲ್ಲ. ರಸ್ತೆ ಬಂದ ಮೇಲೆ ಅಂಗಡಿ, ಲಾಡ್ಜ್ ಎಲ್ಲ ರಸ್ತೆ ಎಲ್ಲಿದೆಯೋ ಅಲ್ಲಿ ಎದ್ದವು.

ನವೆಂಬರ್‌ನಲ್ಲಿ ಮಳೆಯ ಭಯ ಇಲ್ಲ. ಆಕಾಶ ತೊಳೆದ ಹಾಗೆ ಇರುತ್ತೆ. ರಾತ್ರಿ ಚಳಿ ಚುರುಕು, ಊರೊಳಗೆ ಹಿಮ ಬೀಳುವುದು ಕಡಿಮೆ, ಅದೂ ಜನವರಿ ಆಸುಪಾಸು. ಹಿಮ ನೋಡಬೇಕಂದರೆ ಚೋಪ್ತಾ ಇದೆ, 30 ಕಿಲೋಮೀಟರ್ ಮೇಲೆ.

ಎರೆಹೊಲ_ಸೇಡಂ

ಎಲ್ಲರಿಗೂ ಕೈಮುಗಿದೆ. ನಿನ್ನೆ ರಾತ್ರಿ ಊಟ ಆದ ಮೇಲೆ ಇದನ್ನೆಲ್ಲ ಅವ್ವನಿಗೆ ಓದಿ ಹೇಳಿದೆ. "ಪೀಠ ಕೆಳಗೇ ಅದ ಅಂತ ಯಾರೂ ಹೇಳಿದ್ದಿಲ್ಲ ನೋಡು" ಅಂದಳು. ಆಮೇಲೆ ಶಹಾಬಾದ್‌ನವರು ಬರೆದ ರೊಟ್ಟಿ ವಿಷಯ ಎರಡನೇ ಸಲ ಓದಿಸಿದಳು. ನೆಲಕ್ಕೆ ಮುಟ್ಟಿಸದೆ ಹೇಗೆ ತಟ್ಟುತ್ತಾರೆ ಅಂತ ಕೈಯಲ್ಲೇ ಮಾಡಿ ನೋಡುತ್ತಿದ್ದಳು.

ಡೋಲಿ ಬರುವ ದಿನ ಜನ ಜಾಸ್ತಿ ಇದ್ದರೆ ಅವ್ವನಿಗೆ ಕಷ್ಟ ಆಗಬಹುದು. ಸ್ವಲ್ಪ ತಡವಾಗಿ ಹೋದರೆ ನೋಡಲು ಏನಾದರೂ ಇರುತ್ತಾ? ಕೋಣೆ ಮಾಡುವಾಗ ಏನು ಕೇಳಬೇಕು?

ಬೀದರ್_ಸರ್ವೆ

ಇರುತ್ತೆ. ಪಕ್ಕದ ಕಣಿವೆಯ ಮೇಲಿರುವ ಇನ್ನೊಂದು ಶಿವನ ಗುಡಿ, ಮದ್ಮಹೇಶ್ವರನ ಡೋಲಿಯೂ ಚಳಿಗಾಲಕ್ಕೆ ಊಖಿಮಠಕ್ಕೇ ಬರುವುದು, ನವೆಂಬರ್ ಮೂರು, ನಾಲ್ಕನೇ ವಾರದಲ್ಲಿ. ಆಗ ಊರಲ್ಲಿ ಜಾತ್ರೆ. ಯಾತ್ರೆಯವರು ಕಡಿಮೆ, ಸುತ್ತಲ ಹಳ್ಳಿಯವರೇ ಜಾಸ್ತಿ. ಹೆಣ್ಣುಮಕ್ಕಳು ತವರಿಗೆ ಬಂದಿರುತ್ತಾರೆ. ನಿಮ್ಮ ಅವ್ವನಿಗೆ ನಮ್ಮೂರ ಜಾತ್ರೆ ಥರಾನೇ ಅನ್ನಿಸುತ್ತೆ.

ಕೋಣೆ ಕೇಳುವಾಗ ಗುಡಿಗೆ ಎಷ್ಟು ದೂರ ಅಂತ ಕೇಳಬೇಡಿ. "ಇಲ್ಲೇ, ಐದು ನಿಮಿಷ" ಅಂತಾರೆ, ಅವರ ಐದು ನಿಮಿಷ ನಮ್ಮ ಕಾಲಿಗೆ ಇಪ್ಪತ್ತು. ಗಾಡಿ ನಿಲ್ಲುವ ಜಾಗದಿಂದ ಕೋಣೆಗೆ ಎಷ್ಟು ಮೆಟ್ಟಿಲು, ಅದು ರಸ್ತೆಗಿಂತ ಮೇಲಿದೆಯೋ ಕೆಳಗಿದೆಯೋ ಅಂತ ಕೇಳಿ. ಮಧ್ಯಾಹ್ನ ಬಿಸಿಲು ಬೀಳುವ ಅಂಗಳ ಇದೆಯಾ ಅಂತಾನೂ ಕೇಳಿ. ಅವ್ವ ದಿನದ ಅರ್ಧ ಹೊತ್ತು ಅಲ್ಲೇ ಕೂರುತ್ತಾರೆ.

ಎರೆಹೊಲ_ಸೇಡಂ

ಆಯ್ತು ಅಣ್ಣಾ. ಜಾತ್ರೆ ವಾರಕ್ಕೇ ಹೋಗುತ್ತೇವೆ. ಕರ್ನಾಟಕ ಎಕ್ಸ್‌ಪ್ರೆಸ್ ಕಲಬುರಗಿಯಲ್ಲೇ ಹತ್ತಬಹುದು, ದಿಲ್ಲಿಗೆ ಹೋಗಿ ಅಲ್ಲಿಂದ ಹರಿದ್ವಾರದ ಗಾಡಿ. ಬುಕಿಂಗ್ 60 ದಿನ ಮುಂಚೆ ತೆರೆಯುತ್ತೆ, ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇನೆ. ಕೆಳಗಿನ ಬರ್ತ್ ಎರಡು ಸಿಕ್ಕರೆ ಇಲ್ಲೇ ಬಂದು ತಿಳಿಸುತ್ತೇನೆ. ಅವ್ವ ಇವತ್ತು ಬೆಳಗ್ಗೆ ಟ್ರಂಕಿನಿಂದ ಆ ಸೀರೆಗಳನ್ನು ತೆಗೆದು ಬಿಸಿಲಿಗೆ ಹಾಕಿದ್ದಾಳೆ.